ಭೈರುವಿನ ಬಲಗಣ್ಣು

ವಿಶಾಲಾಕ್ಷಿಗೆ ಮರೆವು ಎಂಬುದು ಹುಟ್ಟಿನಿಂದಲೇ ಇಲ್ಲ. ಅಕ್ಕನ ಮದುವೆಯಲ್ಲಿ ತನ್ನ ಎಲೆ ದಾಟಿ ಹೋಳಿಗೆ ಬಡಿಸಿದ ಚಿಕ್ಕಮ್ಮನ ಜೊತೆ ಇಪ್ಪತ್ತೆರಡು ವರ್ಷ ಮಾತು ಬಿಟ್ಟವಳು ಅವಳು. ಚಿಕ್ಕಮ್ಮ ತೀರಿಕೊಂಡಾಗ ಅತ್ತದ್ದು ನಿಜ, ಆದರೆ ವೈಕುಂಠ ಸಮಾರಾಧನೆಯ ಊಟದಲ್ಲಿ ಹೋಳಿಗೆ ಮುಟ್ಟಲಿಲ್ಲ. ರೈಲ್ವೆ ಕಚೇರಿಯ ಹೆಡ್ ಕ್ಲರ್ಕಾಗಿ ಅವಳಿಗೆ ಗದಗಿನ ಕಡೆಯಿಂದ ಕಾಶಿಗೆ ವರ್ಗವಾದಾಗ ಅಣ್ಣ, "ಸಿಟ್ಟೊಂದು ಗಂಗ್ಯಾಗ ಬಿಟ್ಟು ಬಾರವಾ" ಎಂದು ಚೇಷ್ಟೆ ಮಾಡಿದ್ದ. ನಾಲ್ಕು ವರ್ಷವಾಯಿತು. ಕಾಶಿಗೆ ಬಂದವರು ಇಷ್ಟದ್ದೊಂದನ್ನು ಬಿಡಬೇಕೆಂದು ಬದನೆಕಾಯಿ ಬಿಟ್ಟಿದ್ದಾಳೆ, ಸಿಟ್ಟು ಬಿಟ್ಟಿಲ್ಲ.

ಭೇಲೂಪುರದ ಬಾಡಿಗೆ ಮನೆಯಲ್ಲಿ ಅವಳಿಗೆ ಜೊತೆಯೆಂದರೆ ಭೈರು. ಹೆಣ ಸುಡುವ ಹರಿಶ್ಚಂದ್ರ ಘಾಟಿನ ಬೆಚ್ಚಗಿನ ಬೂದಿಯಲ್ಲಿ ಮಲಗಿದ್ದ ಮರಿಯನ್ನು ಎತ್ತಿ ತಂದು ಸಾಕಿದ ಕಂದು ನಾಯಿ ಅದು. ದಿನಾ ಐದಕ್ಕೆ ಅದರ ಹಗ್ಗ ಹಿಡಿದು ಕೇದಾರ ಘಾಟಿಗೆ ಹೋಗಿ ಸೂರ್ಯೋದಯ ನೋಡಿ ಬರುವುದು ಇಬ್ಬರಿಗೂ ರೂಢಿ.

ಕಾರ್ತಿಕದ ಒಂದು ಬೆಳಗ್ಗೆ ಭೈರು ಹಗ್ಗ ಕಿತ್ತುಕೊಂಡು ಓಡಿ ನರಸಿಂಹಾಚಾರ್ಯರ ಕಾಲು ನೆಕ್ಕಿತು. ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುವ ಆಚಾರ್ಯರು ಆಗಷ್ಟೇ ಮಿಂದು ಮಡಿಯಲ್ಲಿ ಮೇಲೆ ಬಂದಿದ್ದರು. ಕೈಯಲ್ಲಿದ್ದ ತುಂಬಿದ ತಾಮ್ರದ ಚೊಂಬನ್ನು ಬೀಸಿ ಹೊಡೆದರು. "ಸುಡುಗಾಡಿನ ನಾಯಿ" ಎಂದು ಬೈದು, ಮತ್ತೆ ಮುಳುಗಲು ನೀರಿಗಿಳಿದರು. ಹಿಂತಿರುಗಿಯೂ ನೋಡಲಿಲ್ಲ. ಭೈರುವಿನ ಬಲಗಣ್ಣು ಉಳಿಯಲಿಲ್ಲ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ವಿಶಾಲಾಕ್ಷಿ ತಾಳಿದ್ದು ಬಾಳಲಿಕ್ಕಲ್ಲ, ಬಡಿಯಲಿಕ್ಕೆ. ಮೂರು ತಿಂಗಳು ಮೇಲಿನ ಮೆಟ್ಟಿಲಲ್ಲಿ ದೂರ ಕೂತು ಆಚಾರ್ಯರ ಒಂದೊಂದು ನಡೆಯನ್ನೂ ನೋಡಿಟ್ಟುಕೊಂಡಳು. ಒಣಗಿದ ಮಡಿಪಂಚೆಯನ್ನು ಅವರು ನೀರಿನಿಂದ ಆರನೆಯ ಮೆಟ್ಟಿಲಲ್ಲಿ ಇಡುತ್ತಾರೆ. ಅರ್ಘ್ಯ ಬಿಡುವಾಗ ಕಣ್ಣು ಮುಚ್ಚುತ್ತಾರೆ. ಇಷ್ಟು ಸಾಕಿತ್ತು. ದಿನವನ್ನೂ ಅವಳೇ ಆರಿಸಿದಳು, ರಥಸಪ್ತಮಿ. ಸೂರ್ಯನ ಹಬ್ಬದ ದಿನ, ಸೂರ್ಯನ ಎದುರಿಗೇ ಮಡಿ ಕೆಡಬೇಕು, ಮಾಘದ ಚಳಿಯಲ್ಲಿ ಮುದುಕ ಒದ್ದೆಯಲ್ಲೇ ನಡುಗಬೇಕು.

ಹದಿನೈದು ದಿನ ಮಂಜಿನಲ್ಲಿ ಮುಖ ಮರೆಸಿಕೊಂಡಿದ್ದ ಸೂರ್ಯ ಅಂದು ಸಿಂಗರಿಸಿಕೊಂಡೇ ಬಂದ. ಆಚೆ ದಡದ ಮರಳಿನ ಮೇಲೆ ಮೊದಲು ಬದನೆಯ ಬಣ್ಣ, ಆಮೇಲೆ ಇಳಕಲ್ ಸೀರೆಯ ಸೆರಗಿನ ಕೆಂಪು, ಅದರ ಕೆಳಗೆ ತೆಳ್ಳಗೆ ಅರಿಸಿನ. ನೀರೆಲ್ಲ ಅದೇ ಬಣ್ಣ. ಇಷ್ಟು ಚೆಂದದ ಬೆಳಗನ್ನು ವಿಶಾಲಾಕ್ಷಿ ಕಾಶಿಯಲ್ಲಿ ಕಂಡಿರಲಿಲ್ಲ. ಹೊಟ್ಟೆ ತಣ್ಣಗಾಗುವಷ್ಟು ನೋಡಿದಳು. ಆಚಾರ್ಯರು ತಲೆ, ಹೆಗಲ ಮೇಲೆ ಎಕ್ಕದೆಲೆ ಇಟ್ಟುಕೊಂಡು ಮುಳುಗೆದ್ದು, ಬೊಗಸೆಯೆತ್ತಿ ಕಣ್ಣು ಮುಚ್ಚಿದರು.

ಅವಳು ಮಡಿಪಂಚೆಯ ಮೇಲೆ ಜೋಳದ ರೊಟ್ಟಿಯ ಚೂರು ಇಟ್ಟು ಹಗ್ಗ ಸಡಿಲಿಸಿದಳು. ಭೈರು ರೊಟ್ಟಿ ತಿಂದು, ಮೂರು ಸುತ್ತು ತಿರುಗಿ, ಬಟ್ಟೆಯ ಮೇಲೇ ಮುದುಡಿ ಮಲಗಿತು.

ಆಚಾರ್ಯರು ನಡುಗುತ್ತ ಮೇಲೆ ಬಂದರು, ಕಂಡರು, ಚೊಂಬು ಎತ್ತಿದರು. ಭೈರುವಿನ ಕುರುಡುಗಣ್ಣು ಅವರ ಕಡೆಗಿತ್ತು, ಅದು ಕದಲಲಿಲ್ಲ.  ಎಲ್ಲ ಲೆಕ್ಕ ಹಾಕಿದ ವಿಶಾಲಾಕ್ಷಿ, ಆ ಚೊಂಬು ಮತ್ತೆ ಮೇಲೇಳಬಹುದು ಎಂಬುದೊಂದನ್ನು ಮರೆತಿದ್ದಳು.

"ಪಂಡಿತ್‌ಜೀ! ಭೈರವ್ ಬಾಬಾ ಕೀ ಸವಾರೀ ಹೈ!" ಎಂದು ದೋಣಿಯವನೊಬ್ಬ ಕೂಗಿದ. ನಾಯಿ ಕಾಲಭೈರವನ ವಾಹನ, ಅದಕ್ಕೆ ಕಾಶಿಯಲ್ಲಿ ನಾಲ್ಕು ಜನರ ಎದುರು ಯಾರೂ ಕೈಯೆತ್ತುವುದಿಲ್ಲ. ಘಾಟಿಗೆ ಘಾಟೇ ತಿರುಗಿ ನೋಡಿತು. ಚೊಂಬು ಕೆಳಗಿಳಿಯಿತು.

"ಎಬ್ಬಿಸಮ್ಮ ಅದನ್ನ," ಎಂದರು ಆಚಾರ್ಯರು, ಹಲ್ಲು ಕಟಕಟಿಸುತ್ತ.

"ನೀವ ಎಬ್ಬಿಸ್ರಿ. ಕೈಯಿಂದ ಮುಟ್ಟಿ ಎಬ್ಬಿಸ್ರಿ."

ಬೇರೆ ದಾರಿಯಿರಲಿಲ್ಲ. ಬಗ್ಗಿ ಅದರ ಬೆನ್ನು ಮುಟ್ಟಿದರು. ಭೈರು ತಲೆಯೆತ್ತಿ ಅವರ ಕೈ ನೆಕ್ಕಿತು. ಆಗ ಆಚಾರ್ಯರಿಗೆ ಹೊಲಿದು ಮುಚ್ಚಿದ ಕಣ್ಣು ಕಂಡಿತು.

"ಇದಕ್ಕೇನಾಯ್ತು?"

"ನಿಮ್ಮ ಚೊಂಬು ಆತು."

"ನಂಗೆ ಗೊತ್ತಿರ್ಲಿಲ್ಲಮ್ಮ. ದೇವರಾಣೆ ಗೊತ್ತಿರ್ಲಿಲ್ಲ."

ಬೈದರೆ, ಬೇಡಿಕೊಂಡರೆ, ದಬಾಯಿಸಿದರೆ ಏನು ಹೇಳಬೇಕೆಂದು ಅವಳು ಮೂರು ತಿಂಗಳು ಮಾತು ಮಸೆದಿಟ್ಟಿದ್ದಳು. ಆದರೆ ಅವಳು ಉಣ್ಣುವಾಗ, ಮಲಗುವಾಗ ಸಾಕಿಕೊಂಡ ದ್ವೇಷದ ಸುದ್ದಿಯೇ ಈ ಮನುಷ್ಯನಿಗೆ ಇರಲಿಲ್ಲ. ಅದಕ್ಕೆ ಅವಳಿಗೆ ಇನ್ನಷ್ಟು ಉರಿಯಿತು.

"ಇನ್ನೆಷ್ಟು ದಿನಮ್ಮ ಈ ಸಿಟ್ಟು?" ಎಂದರು ಅವರು ಸಣ್ಣಗೆ.

"ಅದಕ್ಕ ಆ ಕಣ್ಣು ವಾಪಸ್ ಬರೂತನಕ."

ಆಚಾರ್ಯರು ಮತ್ತೊಂದು ಮುಳುಗಿಗೆ ಮೆಟ್ಟಿಲಿಳಿದರು. ಭೈರು ಬಾಲ ಅಲ್ಲಾಡಿಸುತ್ತ ಅವರ ಹಿಂದೆಯೇ ನೀರಿನ ಕಡೆ ಹೊರಟಿತು. ವಿಶಾಲಾಕ್ಷಿ ಎರಡೂ ಕೈಯಿಂದ ಹಗ್ಗ ಹಿಡಿದು ಅದನ್ನು ಹಿಂದಕ್ಕೆಳೆದಳು.