ಡ್ರಾಯಿಂಗ್ ಮೇಷ್ಟ್ರು ತಿದ್ದಿದ ಮುಖ

ಡ್ರಾಯಿಂಗ್ ಮೇಷ್ಟ್ರಿಗೆ ಮಕ್ಕಳೆಂದರೆ ಪ್ರಾಣ, ಆದರೆ ಸೊಟ್ಟ ಗೆರೆ ಕಂಡರೆ ಕೈ ತುರಿಸುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಮಕ್ಕಳು ಮನೆಗೆ ಹೋದ ಮೇಲೆ ಬ್ರಷ್ ಹಿಡಿದು ಕೂತು, ಇಲ್ಲೊಂದು ಮೂಗು, ಅಲ್ಲೊಂದು ಕಿವಿ ಸರಿಮಾಡುತ್ತಲೇ ಬಂದಿದ್ದರು. ಪ್ರದರ್ಶನದ ದಿನ ಅಪ್ಪ ಅಮ್ಮಂದಿರು ‘ನಮ್ಮ ಮಗುನೇ ಮಾಡಿದ್ದಾ!’ ಎಂದು ಬೆರಗಾದರೆ, ಮೇಷ್ಟ್ರು ಪಕ್ಕದಲ್ಲಿ ನಿಂತು ಸುಮ್ಮನೆ ನಗುತ್ತಿದ್ದರು.

ಆ ವರ್ಷ ಮೂರನೇ ಕ್ಲಾಸಿಗೆ ಮುಖವಾಡದ ಪ್ರಾಜೆಕ್ಟು. ಬಲೂನಿನ ಮೇಲೆ ಗೋಂದಿನಲ್ಲಿ ಅದ್ದಿದ ಹಳೆಯ ಪೇಪರ್ ಚೂರುಗಳನ್ನು ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಬಣ್ಣ ಹಚ್ಚಬೇಕು. “ಮನೇಲಿ ಯಾರನ್ನಾದ್ರೂ ಚೆನ್ನಾಗಿ ನೋಡ್ಕೊಂಡು ಬನ್ನಿ, ಅವರ ಮುಖಾನೇ ಮಾಡಿ” ಎಂದಿದ್ದರು.

ಮಾತೆತ್ತಿದರೆ ‘ಯಾಕೆ’ ಎಂದು ಕೇಳಿ ‘ಯಾಕಮ್ಮ’ ಎಂಬ ಅಡ್ಡಹೆಸರು ಗಿಟ್ಟಿಸಿಕೊಂಡಿದ್ದ ಒಬ್ಬ ಹುಡುಗಿ ತನ್ನ ಅಜ್ಜಿಯ ಮುಖ ಮಾಡಿದಳು. ಬಾಯಿ ಎಡಕ್ಕೆ ಜಾರಿತ್ತು, ಎಡಗಣ್ಣು ಅರ್ಧ ಮುಚ್ಚಿತ್ತು. ಪ್ರದರ್ಶನದ ಹಿಂದಿನ ಸಂಜೆ ಮೇಷ್ಟ್ರು ಅದರ ಮೇಲೆ ನಾಲ್ಕು ಪದರ ಪೇಪರ್ ಅಂಟಿಸಿ ಬಾಯಿ ನೆಟ್ಟಗೆ ಮಾಡಿದರು. ಫ್ಯಾನಿನ ಗಾಳಿಗೆ ಒಣಗಿಸಿ, ಎರಡು ಕಣ್ಣನ್ನೂ ಸಮವಾಗಿ ಬಿಡಿಸಿದರು.

ಮರುದಿನ ಯಾಕಮ್ಮ ಅಜ್ಜಿಯ ಕೈ ಹಿಡಿದು ಕರೆತಂದಳು. ಲಕ್ವ ಹೊಡೆದಿದ್ದ ಅಜ್ಜಿ. ಬಾಯಿ ಎಡಕ್ಕೆ ಜಾರಿತ್ತು, ಎಡಗಣ್ಣು ಅರ್ಧ ಮುಚ್ಚಿತ್ತು. ಮೇಷ್ಟ್ರು ಮುಖವಾಡದತ್ತ ತಿರುಗಿ ನೋಡಿದರು.

“ಸರ್, ನಾನು ಹಿಂಗೆ ಮಾಡಿರ್ಲಿಲ್ಲ. ಬಾಯಿ ಯಾಕೆ ನೆಟ್ಟಗಾಗಿದೆ?”

ಸುತ್ತ ಪೋಷಕರು, ಪಕ್ಕದಲ್ಲೇ ಹೆಡ್‌ಮೇಡಂ. ಮೇಷ್ಟ್ರ ನಾಲಿಗೆ ತಾನಾಗಿಯೇ ಹೊರಳಿತು. “ಅದೂ... ಒಣಗುವಾಗ ಪೇಪರ್ ಎಳ್ಕೊಳ್ಳುತ್ತೆ ಪುಟ್ಟಿ. ಸೊಟ್ಟ ಇರೋದು ತಾನೇ ನೆಟ್ಟಗಾಗುತ್ತೆ.”

ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಮತ್ತೆ ‘ಯಾಕೆ’ ಎನ್ನಲಿಲ್ಲ. ಅಜ್ಜಿಯ ಮುಖವನ್ನೊಮ್ಮೆ, ಮುಖವಾಡವನ್ನೊಮ್ಮೆ ನೋಡಿ ತಲೆಯಾಡಿಸಿದಳು. ಗಂಡಾಂತರ ತಪ್ಪಿತೆಂದು ಮೇಷ್ಟ್ರು ಉಸಿರು ಬಿಟ್ಟರು.

ಸೋಮವಾರ ಅವಳು ಮೇಜಿನ ಬಳಿ ಬಂದು ಪಿಸುಗುಟ್ಟಿದಳು. “ಸರ್, ಅಜ್ಜಿಗೆ ಆಗ್ಲಿಲ್ಲ.”

“ಏನಾಗ್ಲಿಲ್ಲ?”

“ಕೆನ್ನೆಗೆ ಗೋಂದು ಪೇಪರ್ ಅಂಟಿಸಿದ್ದೆ. ಪೂರ್ತಿ ಒಣಗೋ ತನಕ ಕೂರ್ಸಿದ್ದೆ. ಬಾಯಿ ಹಂಗೇ ಇದೆ. ಇನ್ನೂ ಜಾಸ್ತಿ ಪದರ ಹಾಕ್ಬೇಕಿತ್ತಾ?”

ಮೇಷ್ಟ್ರು ಕುರ್ಚಿಯಿಂದ ಎದ್ದರು. ಮೂವತ್ತೊಂದು ಮಕ್ಕಳೆದುರು ಹೇಳಿದರು. “ಪೇಪರ್ ತಾನೇ ನೆಟ್ಟಗಾಗಲ್ಲ. ನಾನೇ ತಿದ್ದಿದ್ದು. ಸುಳ್ಳು ಹೇಳ್ಬಿಟ್ಟೆ, ತಪ್ಪಾಯ್ತು.”

“ನಂದೂ ತಿದ್ದಿದ್ರಾ?” “ನಂದು?” ಎಂದು ಎಲ್ಲ ಕಡೆಯಿಂದ ಪ್ರಶ್ನೆ ಬಂತು. ಒಬ್ಬ ಮಾತ್ರ “ನಮ್ಮಪ್ಪನ ಮೀಸೆ ನೀವೇ ಮಾಡಿದ್ದಾ? ಅದಿರ್ಲಿ ಬಿಡಿ ಸರ್, ಚೆನ್ನಾಗಿದೆ” ಎಂದು ಉದಾರವಾಗಿ ಬಿಟ್ಟುಕೊಟ್ಟ. ಯಾಕಮ್ಮ ತನ್ನ ಜಾಗಕ್ಕೆ ಹೋಗಿ ಕೂತಳು.

ಸಂಜೆ ಮೇಷ್ಟ್ರು ಅವಳ ಮನೆಗೆ ಹೋದರು. ಅಜ್ಜಿ ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದರು. ಕೆನ್ನೆಯ ಮೇಲೆ ಇನ್ನೂ ಒಣಗಿದ ಗೋಂದಿನ ಚಕ್ಕೆ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ನಡೆದದ್ದನ್ನೆಲ್ಲ ಹೇಳಿ ಮುಗಿಸಿದರು.

“ಕೂತ್ಕೊಳ್ಳಿ” ಎಂದರು ಅಜ್ಜಿ, ತೊದಲುತ್ತಾ. “ಮಗು ಆಸೆಪಡ್ತು, ಎರಡು ಗಂಟೆ ಅಲ್ಲಾಡ್ದೆ ಕೂತಿದ್ದೆ. ನಾನೇನು ನಂಬಿರ್ಲಿಲ್ಲ ಬಿಡಿ.” ಮಡಚಿದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದರು. “ಆದ್ರೂ ಪೇಪರ್ ತೆಗೆದಾಗ ಒಂದ್ಸಲ ಕನ್ನಡಿ ನೋಡ್ಕೊಂಡೆ.”

ಮೇಷ್ಟ್ರು ಕೂರಲಿಲ್ಲ. ಹೇಗೆ ಬೀದಿಗೆ ಬಂದರೋ ಅವರಿಗೇ ತಿಳಿಯದು.

ಆಮೇಲೆ ಅವರು ಮಕ್ಕಳ ಕೆಲಸಕ್ಕೆ ಕೈ ಹಚ್ಚಲಿಲ್ಲ. ಮುಂದಿನ ಪ್ರದರ್ಶನ ನೋಡಿ ಹೆಡ್‌ಮೇಡಂ “ಏನ್ರೀ ಮೇಷ್ಟ್ರೇ, ಈ ಸಲ ಹಿಂಗೆ?” ಎಂದು ಮುಖ ಸಿಂಡರಿಸಿದರು. “ಮಕ್ಕಳೇ ಮಾಡಿದ್ದು ಮೇಡಂ” ಎಂದರು ಮೇಷ್ಟ್ರು. ಯಾಕಮ್ಮ ಚಿತ್ರ ಬಿಡಿಸುವುದನ್ನೇನೂ ಬಿಡಲಿಲ್ಲ. ಆದರೆ ಗಂಟೆ ಹೊಡೆಯುವ ಮೊದಲೇ ತನ್ನ ಹಾಳೆಯನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವರ ಮೇಜಿನ ಮೇಲೆ ಒಂದು ದಿನವೂ ಬಿಟ್ಟು ಹೋಗಲಿಲ್ಲ.