ಖಾಲಿ ಬಿಡಬಾರದ ಅಂಕಣ

ವೃದ್ಧಾಪ್ಯ ವೇತನ ಮನಿಯಾರ್ಡರಿನಲ್ಲಿ ಬರುತ್ತಿದ್ದಾಗ, ಎರಡನೇ ಶನಿವಾರ ನಾನು ಚಳ್ಳಕೆರೆಯ ತವರಿಗೆ ಹೊರಟರೆ ಮೊಳಕಾಲ್ಮೂರಿನ ಒಬ್ಬ ಅಜ್ಜಿ ಬಸ್ಸಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದರು. ನಾನು ಅಲ್ಲಿನ ತಾಲ್ಲೂಕು ಕಚೇರಿಯ ಗುಮಾಸ್ತೆ. ಅವರು ಮಗನ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುವವರು. ಚಳ್ಳಕೆರೆಯಲ್ಲಿ ಅವರ ಮಗಳಿದ್ದಳು. ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗ ಅವಳ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟದ್ದರಲ್ಲಿ ಒಂದಿಷ್ಟು ಸೆರಗಿನ ಗಂಟು ಸೇರಿ ಅವಳಿಗೆ ಹೋಗುತ್ತಿತ್ತು.

"ಮನೇಲಿ ಏನ್ ಹೇಳಿ ಬಂದ್ರಿ ಅಜ್ಜಿ?"

"ಕಣ್ಣು ತೋರಿಸ್ಕೊಂಡು ಬರ್ತೀನಿ ಅಂದೆ. ಇಷ್ಟು ಸಲ ತೋರ್ಸಿದ್ ಕಣ್ಣಿಗೆ ಇಲ್ಲಿಂದ್ಲೇ ದುರ್ಗದ ಕೋಟೆ ಕಾಣ್ಬೇಕಿತ್ತು ನೋಡ್ರಿ!"

ಆಮೇಲೆ, ವೇತನವೆಲ್ಲ ಬ್ಯಾಂಕ್ ಖಾತೆಗೇ ಹೋಗಬೇಕೆಂದು ಆದೇಶ ಬಂತು. ಖಾತೆಯ ಅರ್ಜಿಗಳನ್ನು ನಮ್ಮ ಕಚೇರಿಯಲ್ಲೇ ತುಂಬಿದೆವು. ಅಜ್ಜಿಗೆ ಫೋನ್ ಇರಲಿಲ್ಲ. ಮೊಬೈಲ್ ನಂಬರಿನ ಅಂಕಣ ಖಾಲಿ ಬಿಡುವಂತಿರಲಿಲ್ಲ. ಪಡಿತರ ಚೀಟಿಯ ನಕಲಿನಲ್ಲಿದ್ದ ಮಗನ ನಂಬರನ್ನೇ ಬರೆದೆ. ಎಲ್ಲ ಗೊತ್ತಿದ್ದವಳು ನಾನು. ಎದುರಿಗೇ ಕೂತಿದ್ದ ಅವರನ್ನು ಒಂದು ಮಾತು ಕೇಳಲಿಲ್ಲ.

ಮುಂದಿನ ತಿಂಗಳು ಅಜ್ಜಿ ಕಚೇರಿಗೆ ಬಂದರು.

"ದುಡ್ಡು ಬಿದ್ದೇಟಿಗೆ ಅವನ ಫೋನ್‌ಗೆ ಮೆಸೇಜು ಬಂತು ಮೇಡಮ್ಮ. ಬ್ಯಾಂಕಿಗೆ ಅವನೇ ಕರ್ಕೊಂಡ್ ಹೋದ. ಮನೆ ಖರ್ಚಿಗೆ ಅಂತ ಅಲ್ಲೇ ಇಸ್ಕೊಂಡ. ಆ ನಂಬರ್ ತೆಗ್ದು ನಿಮ್ದು ಹಾಕ್ರಿ."

ನನ್ನ ನಂಬರ್ ಕೊಟ್ಟರೆ ನಾಳೆ ಹತ್ತು ಜನ ಕೇಳಿಯಾರು ಎಂಬ ಯೋಚನೆ ಬಂತು. "ಹಂಗೆಲ್ಲ ಆಗಲ್ಲ ಅಜ್ಜಿ. ಮಗನ್ನ ಕರ್ಕೊಂಡ್ ಬರ್ರಿ, ನೋಡೋಣ" ಎಂದುಬಿಟ್ಟೆ. ಎಲ್ಲರಿಗೂ ಹೇಳಿ ಹೇಳಿ ಬಾಯಿಗೆ ಕೂತಿದ್ದ ಮಾತು. ಅಜ್ಜಿ ನನ್ನ ಮುಖವನ್ನೇ ನೋಡಿದರು. "ಆಗ್ಲಿ ಬಿಡ್ರಿ" ಎಂದು ಎದ್ದರು.

ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಎರಡು ತಿಂಗಳು ತಡೆದು, ನಂಬರ್ ಬದಲಿಸುವ ಅರ್ಜಿಯಲ್ಲಿ ನನ್ನದೇ ನಂಬರ್ ಬರೆದುಕೊಂಡು ಅವರ ಮನೆಗೆ ಹೋದೆ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದರೆ ಸಾಕಿತ್ತು. ಮಗ ಮಗ್ಗದಿಂದೆದ್ದು ಬಂದು ಕುರ್ಚಿ ಹಾಕಿದ, ಕಾಫಿ ತರಿಸಿದ.

"ನಮ್ಮವ್ವಂದು ಎಲ್ಲಾ ಸರಿ ಐತ್ರೀ ಮೇಡಂ. ತಿಂಗ್ಳು ತಿಂಗ್ಳು ಮೆಸೇಜ್ ಬರ್ತೈತೆ. ನೀವು ಮಾಡ್ಕೊಟ್ಟಿದ್ದು ಭಾಳ ಚಲೋ ಆತು."

ಮೂಲೆಯಲ್ಲಿ ಅಜ್ಜಿ ನೂಲು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ. ಮಗ ನನ್ನ ಪಕ್ಕದಿಂದ ಕದಲಲಿಲ್ಲ. ಕಾಫಿ ಕುಡಿದು, ಅರ್ಜಿಯನ್ನು ಚೀಲದಿಂದ ಹೊರಗೆ ತೆಗೆಯದೆಯೇ ಎದ್ದು ಬಂದೆ.