ಜಾಡಿಗೆ ಇಳಿಯದ ಕಾರು

ಅಪ್ಪನ ಕಪ್ಪು ಕಾರಿಗೆ ನನಗಿಂತ ಹೆಚ್ಚು ವಯಸ್ಸು. ಸೇಡಂನಲ್ಲಿ ಅವರಿಗೆ ರಿಪೇರಿ ಶೆಡ್ ಇತ್ತು. ಯಾರೋ ಗುಜರಿಗೆ ಬಿಟ್ಟ ಆ ವಿಲಾಯ್ತಿ ಕಾರನ್ನು ತಾವೇ ಬಿಚ್ಚಿ, ತಾವೇ ಕೂಡಿಸಿದ್ದರು. ಎಂಜಿನ್ ಚಾಲೂ ಆಗಬೇಕಾದರೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು.

ನಾನು ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ವರ್ಷ ಅಪ್ಪನ ಬಲಭುಜ ಸೋತಿತು. ಹ್ಯಾಂಡಲ್ ತಿರುಗಿಸುವವರಿಲ್ಲವೆಂದು ಕಾರನ್ನು ಶಹಾಬಾದಿನ ಕಲ್ಲುಗಣಿ ಮಾಲೀಕರೊಬ್ಬರ ಮಗನಿಗೆ ಮಾರಲು ಒಪ್ಪಿಬಿಟ್ಟರು. ಆ ಕಾರಿನಲ್ಲೇ ನನಗೆ ಓಡಿಸಲು ಕಲಿಸಿದವರು, ನನ್ನನ್ನು ಒಂದು ಮಾತು ಕೇಳಲಿಲ್ಲ. ಹ್ಯಾಂಡಲ್ ಮಾತ್ರ ಎಂದೂ ಮುಟ್ಟಗೊಟ್ಟಿರಲಿಲ್ಲ. "ತಿರುಗಿ ಹೊಡದ್ರ ಕೈ ಮುರೀತದ ಮಗಳ" ಎನ್ನುತ್ತಿದ್ದರು. ಕೊಡಬೇಡಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಆ ಯುವಕ ಬಂದದ್ದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಎರಡೇ ಬಾಗಿಲು, ಎರಡೇ ಸೀಟು. ಎತ್ತರ ನನ್ನ ಎದೆಗೂ ಬರುತ್ತಿರಲಿಲ್ಲ. ಚೆಂದವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೀಲಿ ತಿರುವಿದರೆ ಸಾಕು, ಎಂಜಿನ್ ಏಳುತ್ತಿತ್ತು. ನಮ್ಮ ಕಾರಿನ ಬಡಿತಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಕೆಂಪು ಕಾರಿನ ಸದ್ದು ಒಂದೇ ಎಳೆ.

"ಕಾಕಾ, ನಿಮ್ಮ ಕಾರು ಹೊಲಕ್ಕೂ ಹೋಗ್ತದಂತ. ಒಮ್ಮೆ ನೋಡಿ ಒಯ್ತೀನಿ" ಎಂದ.

ಶೆಡ್ಡಿನ ಪಕ್ಕದವರು ನೂಕಿ ನಮ್ಮ ಕಾರನ್ನು ಚಾಲೂ ಮಾಡಿಕೊಟ್ಟರು. ಅಪ್ಪ ಓಡಿಸಿದರು, ನಾನು ಪಕ್ಕದಲ್ಲಿದ್ದೆ. ಮಳಖೇಡದ ಟಾರು ರಸ್ತೆಯಲ್ಲಿ ಕೆಂಪು ಕಾರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮರೆಯಾಯಿತು. ನಮ್ಮ ಹೊಲದ ತಿರುವಿನಲ್ಲಿ ನಗುತ್ತ ಕಾದಿದ್ದ ಯುವಕ, ನಾವು ತಲುಪಿದೊಡನೆ ತಾನೇ ಮೊದಲು ಒಳಗೆ ತಿರುಗಿಸಿದ.

ಮಳೆಗಾಲದಲ್ಲಿ ಎತ್ತಿನ ಬಂಡಿಗಳು ಕೊರೆದ ಜಾಡು ಕರಿಮಣ್ಣಿನಲ್ಲಿ ಒಣಗಿ ಕಲ್ಲಾಗಿತ್ತು. ಅಂಥ ದಾರಿಯಲ್ಲಿ ಜಾಡಿಗೆ ಇಳಿಯಬಾರದು. ಒಂದು ಬದಿಯ ಗಾಲಿಗಳನ್ನು ನಡುವಿನ ದಿಬ್ಬದ ಮೇಲೆ, ಇನ್ನೊಂದು ಬದಿಯವನ್ನು ಅಂಚಿನ ಮೇಲೆ ನಡೆಸಬೇಕು. ಅವನು ಜಾಡೇ ದಾರಿಯೆಂದುಕೊಂಡ. ಹತ್ತು ಮಾರು ಹೋಗುವಷ್ಟರಲ್ಲಿ ಕಾರಿನ ಹೊಟ್ಟೆ ದಿಬ್ಬದ ಮೇಲೆ ಕೂತಿತು. ಗಾಲಿಗಳು ಸುಮ್ಮನೆ ತಿರುಗಿದವು. ದಿಬ್ಬ, ಅಂಚು ಹಿಡಿದು ಹಿಂದೆಯೇ ಬಂದಿದ್ದ ಅಪ್ಪ ಅಭ್ಯಾಸದಂತೆ ನಮ್ಮ ಎಂಜಿನ್ ನಿಲ್ಲಿಸಿ ಇಳಿದರು.

ಎದುರಿನಿಂದ ಬಂದ ಬಂಡಿಯ ಮುದುಕ ಎತ್ತುಗಳನ್ನು ನಿಲ್ಲಿಸಿದ. "ಏನ್ರಿ ಸಾವ್ಕಾರ, ಕಾವಿಗೆ ಕುಂತ ಕೋಳಿಹಂಗ ಕುಂತದಲ್ಲ! ಮರಿ ಮಾಡಿದ ಮ್ಯಾಲೇ ಏಳ್ತದೇನ್ರಿ? ನನ್ನ ಎತ್ತು ಕಟ್ಟಲೇನು?"

"ಬ್ಯಾಡೋ ಮಾರಾಯ! ಎತ್ತು ಎಳದಾವಂದ್ರ ಶಹಾಬಾದಿನಾಗ ಮಾರಿ ತೋರಸಂಗಿಲ್ಲ ನಾ" ಎಂದ ಯುವಕ.

ಆ ದಾರಿಯಲ್ಲಿ ನೂಕಿ ಚಾಲೂ ಮಾಡುವಂತಿರಲಿಲ್ಲ; ನಮ್ಮ ಕಾರಿನಿಂದ ಎಳೆಸೋಣವೆಂದು ಯುವಕನೇ ಹ್ಯಾಂಡಲ್ ಹಿಡಿದ. ಐದೂ ಬೆರಳು ಸುತ್ತಿ ಬಿಗಿಯಾಗಿ ಹಿಡಿದ. ಹ್ಯಾಂಡಲ್ ತಿರುಗಿ ಹೊಡೆಯಿತು. ಹೆಬ್ಬೆರಳು ಒತ್ತಿಕೊಂಡು ಅಲ್ಲೇ ಕುಕ್ಕರಿಸಿದ. ಅಪ್ಪ ತಮ್ಮ ಭುಜ ಮುಟ್ಟಿಕೊಂಡರು.

ನಾನು ಹ್ಯಾಂಡಲ್ ಎತ್ತಿಕೊಂಡೆ.

"ಮಗಳ..." ಎಂದರು ಅಪ್ಪ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.

ಇಷ್ಟು ವರ್ಷ ಅವರ ಕೈಯನ್ನೇ ನೋಡಿದ್ದೆ. ಹೆಬ್ಬೆರಳು ಸುತ್ತಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಎಂದೂ ಕೆಳಗೆ ಒತ್ತಬಾರದು. ಮೊದಲ ಎಳೆತಕ್ಕೆ ಎಂಜಿನ್ ಕೆಮ್ಮಿತು. ಎರಡನೆಯದಕ್ಕೆ ಹಿಡಿಯಿತು.

ಮುದುಕ ತನ್ನ ಹಗ್ಗ ಕೊಟ್ಟು, ಎರಡು ಕಾರುಗಳ ನಡುವೆ ಕಟ್ಟಿದ. ನಾನು ಸ್ಟಿಯರಿಂಗಿಗೆ ಕುಳಿತೆ. ಒಂದು ಬದಿ ದಿಬ್ಬ, ಒಂದು ಬದಿ ಅಂಚು ಹಿಡಿದು ನಿಧಾನವಾಗಿ ರಿವರ್ಸ್ ತೆಗೆದೆ. ಕೆಂಪು ಕಾರು ಕೆರೆಯುತ್ತ, ಜಾರುತ್ತ ಹಿಂದೆ ಬಂತು. ಟಾರು ಮುಟ್ಟುವವರೆಗೂ ನಿಲ್ಲಿಸಲಿಲ್ಲ.

"ಕಾಕಾ, ಈಗಂತೂ ನನಗ ಈ ಕಾರು ಬೇಕೇ ಬೇಕು" ಎಂದ ಯುವಕ, ಹೆಬ್ಬೆರಳು ಉಜ್ಜುತ್ತ.

"ನನ್ನ ಕೇಳಬ್ಯಾಡ ತಮ್ಮಾ" ಎಂದರು ಅಪ್ಪ. "ಚಾಲೂ ಮಾಡಿದಾಕಿನ್ನ ಕೇಳು."

ಅವನು ನನ್ನ ಕಡೆ ತಿರುಗಿದ. "ಏನಂತೀರಿ ಅಕ್ಕೋರೆ?"

"ಕೊಡಂಗಿಲ್ರಿ" ಎಂದೆ.

ಎಂಜಿನ್ ಇನ್ನೂ ನಡೆಯುತ್ತಿತ್ತು. ಅಪ್ಪ ಕಾರನ್ನು ಸುತ್ತಿಕೊಂಡು ಬಂದು ನನ್ನ ಪಕ್ಕದ ಬಾಗಿಲು ತೆರೆದರು. ಕಲಿಸಲಿಕ್ಕಲ್ಲದೆ ಮೊದಲ ಸಲ ಆ ಸೀಟಿನಲ್ಲಿ ಕುಳಿತು, "ನಡಿ" ಎಂದರು.